ಸೈಟಿಗೆ ಜನ ಬರೋದು ಕಮ್ಮಿ ಆಯ್ತು, ಈಗೇನ್ ಮಾಡೋದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ವೆಬ್‌ಸೈಟ್ ನಡೆಸೋರದ್ದೇ. ಅಡುಗೆ ಸೈಟು, ರಿಪೇರಿ ಅಂಗಡಿ ಸೈಟು, ಪರೀಕ್ಷೆ ತಯಾರಿ ಸೈಟು ಯಾವ್ದೇ ಇರ್ಲಿ, ಎಲ್ಲರೂ ಕೇಳಿರೋದು ಗೂಗಲ್‌ನಲ್ಲಿ ಮುಂಚೆ ಮೇಲಿದ್ವಿ, ಈಗ ಯಾಕೆ ಕೆಳಗೆ ಹೋದ್ವಿ ಅಂತ. ಹಾಗಾಗಿ ಮಿಕ್ಕ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಸಲ ಇದೊಂದೇ ವಿಷಯ ತಗೊಂಡಿದೀನಿ.

ಪ್ರಶ್ನೆ: ನಾನು ಗೃಹಿಣಿ. ಹಬ್ಬದಡುಗೆ, ಪೂಜೆ ವಿಧಾನ, ನೈವೇದ್ಯ ಇವುಗಳ ಬಗ್ಗೆ ಕನ್ನಡದಲ್ಲಿ ಒಂದು ವೆಬ್‌ಸೈಟ್ ನಡೆಸ್ತಾ ಇದೀನಿ, ಸುಮಾರು ವರ್ಷ ಆಯ್ತು. 2025ರ ಗೌರಿ ಗಣೇಶ ಆದ್ಮೇಲೆ ಸೈಟಿಗೆ ಬರೋರು ಒಂದೇ ಸಲಕ್ಕೆ ಕಮ್ಮಿ ಆಗೋದ್ರು. ಪರಿಚಯದ ಹುಡುಗ ಒಬ್ಬ ಸಾಫ್ಟ್‌ವೇರ್‌ನಲ್ಲಿದಾನೆ, ಅವನು ನೋಡಿ, ಆಂಟಿ ಆಗ ಗೂಗಲ್‌ನವರು ಸ್ಪ್ಯಾಮ್ ಅಪ್‌ಡೇಟ್ ಬಿಟ್ಟಿದ್ರು, ನಿಮ್ಮ ಸೈಟಿಗೂ ಹೊಡೆತ ಬಿದ್ದಿದೆ, ಹಳೇ ಪೋಸ್ಟೆಲ್ಲ ಡಿಲೀಟ್ ಮಾಡ್ಬಿಡಿ ಅಂದ. ಮಾಡ್ಲಾ?
– ಓದುಗರು, ಬಸವನಗುಡಿ

ಉತ್ತರ: ಬೇಡಮ್ಮ, ಒಂದನ್ನೂ ಡಿಲೀಟ್ ಮಾಡ್ಬೇಡಿ. ಮೊದ್ಲು ಕ್ಯಾಲೆಂಡರ್ ತಗೊಂಡು ಕೂತ್ಕೊಳ್ಳಿ.

ಆ ಹುಡುಗ ಹೇಳಿದ್ರಲ್ಲಿ ಒಂದು ಮಾತು ನಿಜ, ಗೂಗಲ್ ಆ ವರ್ಷ ಆಗಸ್ಟ್ 26ಕ್ಕೆ ಒಂದು ಸ್ಪ್ಯಾಮ್ ಅಪ್‌ಡೇಟ್ (ಅಡ್ಡದಾರಿಯಲ್ಲಿ ಮೇಲೆ ಬರೋ ಸೈಟ್‌ಗಳನ್ನ ಕೆಳಗಿಳಿಸೋ ಬದಲಾವಣೆ) ಶುರು ಮಾಡಿ ಸೆಪ್ಟೆಂಬರ್ 22ಕ್ಕೆ ಮುಗಿಸ್ತು. ಆದ್ರೆ ಅದೇ ಆಗಸ್ಟ್ 26 ಗೌರಿ ಹಬ್ಬ, 27 ಗಣೇಶ ಚತುರ್ಥಿ, ಸೆಪ್ಟೆಂಬರ್ 21 ಮಹಾಲಯ ಅಮಾವಾಸ್ಯೆ, 22ಕ್ಕೆ ನವರಾತ್ರಿ ಶುರು. ಅಂದ್ರೆ ಅಪ್‌ಡೇಟ್ ನಡೆದ ಹೆಚ್ಚಿನ ದಿನಗಳು ಹಬ್ಬ ಮುಗಿದ ಮೇಲಿನ ಕಾಲ, ಅದ್ರಲ್ಲೂ ಕೊನೇ ಎರಡು ವಾರ ಪಕ್ಷಮಾಸ. ಪಕ್ಷಮಾಸದಲ್ಲಿ ಕಾಯಿ ಕಡುಬು ಮಾಡೋದು ಹೇಗೆ ಅಂತ ಯಾರು ಹುಡುಕ್ತಾರೆ ಹೇಳಿ? ಜನ ಹುಡುಕೋದೇ ಕಮ್ಮಿ ಆದಾಗ ನಿಮ್ಮ ಸೈಟಿಗೆ ಬರೋರೂ ಕಮ್ಮಿ ಆಗ್ತಾರೆ, ಅದಕ್ಕೆ ಗೂಗಲ್ ನಿಮ್ಮನ್ನ ಕೆಳಗೆ ತಳ್ಳಿರ್ಲೇಬೇಕು ಅಂತೇನಿಲ್ಲ. ಇದು ಕ್ಯಾಲಿಫೋರ್ನಿಯಾದಲ್ಲಿ ಕೂತು ಚಾರ್ಟ್ ನೋಡೋರಿಗೆ ಹೊಳೆಯಲ್ಲ, ಬಸವನಗುಡಿಯಲ್ಲಿ ಮನೆ ನಡೆಸೋ ನಿಮಗೆ ಹೊಳೀಬೇಕು.

ಹೋದ ವರ್ಷ ಇದೇ ವಾರಕ್ಕೆ ಹೋಲಿಸಿ ನೋಡಿದ್ರಾಯ್ತು ಅಂತ ಕೆಲವರು ಹೇಳ್ತಾರೆ, ಅದೂ ನಿಮ್ಮಂಥ ಸೈಟಿಗೆ ಮೋಸ ಮಾಡತ್ತೆ. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ಕ್ಕಿತ್ತು, 2025ರಲ್ಲಿ ಹನ್ನೊಂದು ದಿನ ಮುಂಚೆ ಬಂತು. ವರಮಹಾಲಕ್ಷ್ಮಿ 2024ರಲ್ಲಿ ಆಗಸ್ಟ್ 16, 2025ರಲ್ಲಿ ಆಗಸ್ಟ್ 8. ಈಗ ಸೆಪ್ಟೆಂಬರ್ ಮೊದಲ ವಾರವನ್ನ ಎರಡು ವರ್ಷದ್ದೂ ಪಕ್ಕಪಕ್ಕ ಇಟ್ರೆ ಒಂದು ಕಡೆ ಹಬ್ಬದ ಹಿಂದಿನ ವಾರ, ಇನ್ನೊಂದು ಕಡೆ ಹಬ್ಬ ಮುಗಿದ ವಾರ, ಸೈಟ್ ಮುಳುಗೋಯ್ತು ಅಂತಾನೇ ಕಾಣತ್ತೆ. ತಾರೀಕಿಗೆ ತಾರೀಕು ಹೋಲಿಸ್ಬೇಡಿ, ಹಬ್ಬಕ್ಕೆ ಹಬ್ಬ ಹೋಲಿಸಿ: ಹಬ್ಬಕ್ಕೆ ಹತ್ತು ದಿನ ಮುಂಚಿನಿಂದ ಹಬ್ಬದ ದಿನದವರೆಗೆ, ಈ ವರ್ಷದ್ದು ಹೋದ ವರ್ಷದ್ದು.

ಇದನ್ನ ನೋಡೋಕೆ ದುಡ್ಡು ಕೊಡೋ ಟೂಲ್ ಏನೂ ಬೇಡ, ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗಿದೆ ಅಂತ ಸೈಟ್ ನಡೆಸೋರಿಗೆ ತೋರಿಸೋ ಗೂಗಲ್‌ನ ಸರ್ಚ್ ಕನ್ಸೋಲ್ ಫ್ರೀ. ಅದ್ರಲ್ಲಿ ಪರ್ಫಾರ್ಮೆನ್ಸ್ ಅಂತ ಇರತ್ತೆ, ಒಳಗೆ ಹೋಗಿ ತಾರೀಕು ಒತ್ತಿದ್ರೆ ಕಂಪೇರ್ ಅಂತ ಬರತ್ತೆ, ಕಸ್ಟಮ್ ಆಯ್ಕೆ ಮಾಡಿ ಮೇಲೆ ಹೇಳಿದ ಹಾಗೆ ಎರಡು ಅವಧಿ ಹಾಕಿ. ಆಮೇಲೆ ಮೇಲಿರೋ ನಾಲ್ಕೂ ಡಬ್ಬಿ ಒತ್ತಿ: ಕ್ಲಿಕ್, ಇಂಪ್ರೆಷನ್ (ಹುಡುಕಾಟದಲ್ಲಿ ನಿಮ್ಮ ಲಿಂಕ್ ಎಷ್ಟು ಸಲ ಬಂತು), ಸಿಟಿಆರ್ (ಬಂದಿದ್ರಲ್ಲಿ ಶೇಕಡಾ ಎಷ್ಟು ಸಲ ಕ್ಲಿಕ್ ಆಯ್ತು), ಸರಾಸರಿ ಪೊಸಿಷನ್ (ಎಷ್ಟನೇ ಸ್ಥಾನ). ಕೆಳಗೆ ಕ್ವೆರೀಸ್ ಅಂತ ಒಂದು ಪಟ್ಟಿ ಇರತ್ತೆ, ಜನ ಟೈಪ್ ಮಾಡಿದ ಮಾತುಗಳು. ಒಟ್ಟು ಗ್ರಾಫ್ ನೋಡಿ ಗಾಬರಿ ಆಗೋ ಬದ್ಲು ಒಂದೊಂದೇ ಸಾಲು ಓದಿ. ಕರಿಗಡುಬು ಅನ್ನೋ ಸಾಲಲ್ಲಿ ಪೊಸಿಷನ್ ಮುಂಚೆ 3 ಇದ್ದಿದ್ದು ಈಗ್ಲೂ 3ರ ಆಸುಪಾಸಲ್ಲೇ ಇದ್ದು ಇಂಪ್ರೆಷನ್ ಮಾತ್ರ ಬಿದ್ದಿದ್ರೆ ಜನ ಹುಡುಕೋದೇ ಕಮ್ಮಿ ಆಗಿದೆ, ಸುಮ್ನಿರಿ. ಪೊಸಿಷನ್ನೇ 3ರಿಂದ 9ಕ್ಕೆ ಹೋಗಿದ್ರೆ ಬೇರೆಯವರು ಮೇಲೆ ಬಂದಿದಾರೆ ಅಥವಾ ಗೂಗಲ್‌ನ ಅಳತೆ ಬದಲಾಗಿದೆ, ಇದನ್ನ ಗಮನಿಸ್ಬೇಕು. ಪೊಸಿಷನ್ನೂ ಸರಿಯಾಗಿದೆ ಇಂಪ್ರೆಷನ್ನೂ ಸರಿಯಾಗಿದೆ, ಆದ್ರೂ ಕ್ಲಿಕ್ ಇಲ್ಲ ಅಂದ್ರೆ ಗೂಗಲ್‌ನ ಪುಟವೇ ಬದಲಾಗಿರತ್ತೆ, ನಿಮ್ಮ ಲಿಂಕ್‌ಗಿಂತ ಮೇಲೆ ಏನೇನೋ ಬಂದು ಕೂತಿರತ್ತೆ.

ಈ ಕೊನೇದು ನಿಮ್ಮ ವಿಷಯದಲ್ಲಿ ಸ್ವಲ್ಪ ಇರ್ಬಹುದು ಅಂತ ನನ್ನ ಅನುಮಾನ. ಮೊಬೈಲ್‌ನಲ್ಲಿ ವರಮಹಾಲಕ್ಷ್ಮಿ ಪೂಜೆ ವಿಧಾನ ಅಂತ ಹಾಕಿ ನೋಡಿ, ಅದೂ ಇನ್‌ಕಾಗ್ನಿಟೋದಲ್ಲಿ, ಇಲ್ದಿದ್ರೆ ನೀವು ಮುಂಚೆ ನೋಡಿದ್ದನ್ನೇ ಮೇಲೆ ತೋರ್ಸೋ ಸಾಧ್ಯತೆ ಇರತ್ತೆ. ವಿಡಿಯೋಗಳ ಸಾಲು, ಜನ ಇದನ್ನೂ ಕೇಳ್ತಾರೆ ಅನ್ನೋ ಡಬ್ಬಿ, ಫೋಟೋಗಳು, ಕೆಲವು ಸಲ ಜಾಹೀರಾತು, ಇಷ್ಟೆಲ್ಲ ದಾಟಿ ಬೆರಳಲ್ಲಿ ಎರಡು ಮೂರು ಸಲ ಸರಿಸಿದ ಮೇಲೆ ನಿಮ್ಮ ಲಿಂಕ್ ಸಿಕ್ರೂ ಲೆಕ್ಕದಲ್ಲಿ ಅದು ಇನ್ನೂ ಮೇಲಿನ ಸ್ಥಾನವೇ. ಇನ್ನೊಂದು ಸ್ಪರ್ಧೆ ತುಂಬಾ ಜನಕ್ಕೆ ಗೊತ್ತೇ ಇಲ್ಲ: ಕನ್ನಡದಲ್ಲಿ ಹುಡುಕಿದಾಗ ಸಾಕಷ್ಟು ಕನ್ನಡ ಪುಟ ಸಿಗ್ದಿದ್ರೆ ಗೂಗಲ್ ಬೇರೆ ಭಾಷೆ ಪುಟಗಳನ್ನ ತಾನೇ ಅನುವಾದ ಮಾಡಿ ಕನ್ನಡದಲ್ಲಿ ತೋರಿಸೋ ವ್ಯವಸ್ಥೆ ಇಟ್ಟಿದೆ. ಹಾಗಾಗಿ ನಿಮ್ಮ ಎದುರಿಗೆ ಈಗ ಬರೀ ಕನ್ನಡದ ಸೈಟ್‌ಗಳಷ್ಟೇ ಇಲ್ಲ.

ಪೊಸಿಷನ್ ನಿಜವಾಗ್ಲೂ ಇಳಿದಿದ್ರೆ? ಆಗ್ಲೂ ತಪ್ಪು ನಿಮ್ಮದೇ ಅಂತ ಅಂದ್ಕೋಬೇಡಿ. ಸಿಇಟಿಯಲ್ಲಿ ಹೋದ ವರ್ಷದ ಮಾರ್ಕ್ಸೇ ಈ ವರ್ಷವೂ ತೆಗೆದ್ರೂ ಬೇರೆ ಮಕ್ಕಳು ಚೆನ್ನಾಗಿ ಬರೆದಿದ್ರೆ ರ‍್ಯಾಂಕ್ ಹಿಂದೆ ಹೋಗತ್ತಲ್ಲ, ಹಾಗೆ. ಗೂಗಲ್ ವರ್ಷಕ್ಕೆ ಕೆಲವು ಸಲ ಕೋರ್ ಅಪ್‌ಡೇಟ್ ಅಂತ ಇಡೀ ಅಳತೆಗೋಲನ್ನೇ ತಿದ್ದತ್ತೆ, 2025ರಲ್ಲಿ ಮಾರ್ಚ್‌ನಲ್ಲೊಂದು, ಜೂನ್ 30ರಿಂದ ಜುಲೈ 17ರವರೆಗೆ ಇನ್ನೊಂದು ಬಂದಿತ್ತು. ಅಂಥಾ ಅಪ್‌ಡೇಟ್ ಪೂರ್ತಿ ಮುಗಿದು ಒಂದು ವಾರ ಆಗೋವರೆಗೂ ಏನೂ ಮುಟ್ಟಬಾರದು, ಆಮೇಲೆ ನಿಮ್ಮನ್ನ ಹಿಂದೆ ಹಾಕಿರೋ ಪುಟಗಳನ್ನ ತೆರೆದು ಅವರಲ್ಲಿ ಏನಿದೆ ನಮ್ಮಲ್ಲಿ ಇಲ್ಲದ್ದು ಅಂತ ನೋಡ್ಬೇಕು.

ಹಳೇ ಪೋಸ್ಟ್ ವಿಷಯಕ್ಕೆ ಬಂದ್ರೆ, ಕರಿಗಡುಬಿನ ಬಗ್ಗೆ ಬೇರೆ ಬೇರೆ ವರ್ಷ ಮೂರು ಸಲ ಬರೆದಿರ್ತೀರಿ ಅಂದ್ಕೊಳ್ಳಿ, ಅವು ಒಂದರ ಕಾಲು ಒಂದು ಎಳೀತಾ ಇರತ್ತೆ. ಮೂರರಲ್ಲಿರೋ ಒಳ್ಳೇದನ್ನೆಲ್ಲ ಒಂದೇ ಪುಟಕ್ಕೆ ತಂದು ಮಿಕ್ಕ ಎರಡರ ವಿಳಾಸವನ್ನ 301 ರೀಡೈರೆಕ್ಟ್ (ಹಳೇ ವಿಳಾಸಕ್ಕೆ ಬಂದವರನ್ನ ಶಾಶ್ವತವಾಗಿ ಹೊಸದಕ್ಕೆ ಕಳಿಸೋ ವ್ಯವಸ್ಥೆ) ಮೂಲಕ ಅಲ್ಲಿಗೆ ತಿರುಗಿಸಿ. ಕಣಕ ಎಷ್ಟು ಹೊತ್ತು ನೆನೀಬೇಕು, ಹೂರಣ ನೀರಾದ್ರೆ ಏನ್ ಮಾಡ್ಬೇಕು, ಅತ್ತೆ ಹೇಗೆ ಮಾಡ್ತಿದ್ರು, ಒಲೆ ಮುಂದೆ ನಿಂತವರಿಗೆ ಮಾತ್ರ ಗೊತ್ತಿರೋ ಇಂಥಾ ಸಂಗತಿಗಳು, ನೀವೇ ತೆಗೆದ ಫೋಟೋ, ಇವು ಆ ಪುಟದಲ್ಲಿರ್ಲಿ. ಗೂಗಲ್ ತನ್ನ ಗುಣಮಟ್ಟದ ಮಾರ್ಗಸೂಚಿಗೆ 2022ರ ಡಿಸೆಂಬರ್‌ನಲ್ಲಿ ಅನುಭವ ಅನ್ನೋದನ್ನ ಹೊಸದಾಗಿ ಸೇರಿಸಿದ್ದು ಇಂಥದ್ದಕ್ಕೇ. ಇನ್ನೊಂದು, ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಟ್ಕೊಳ್ಳತ್ತೆ, ಆದ್ದರಿಂದ ಪ್ರತಿ ಹಬ್ಬ ಆದ್ಮೇಲೆ ಎಕ್ಸ್‌ಪೋರ್ಟ್ ಮಾಡಿ ಒಂದು ಶೀಟ್‌ನಲ್ಲಿ ಇಟ್ಕೊಳ್ಳಿ, ಎರಡು ಮೂರು ವರ್ಷದ್ದು ಸೇರಿದ್ರೆ ನಿಮ್ಮ ಹತ್ರ ಇರೋ ಲೆಕ್ಕ ಯಾವ ಕಂಪನಿ ಹತ್ರವೂ ಇರಲ್ಲ.

ಪ್ರಶ್ನೆ: ಸರ್, 2025ರ ಸೆಪ್ಟೆಂಬರ್ ಎರಡನೇ ವಾರದಿಂದ ನಮ್ಮ ಸೈಟಿನ ಇಂಪ್ರೆಷನ್ ಅರ್ಧಕ್ಕರ್ಧ ಬಿದ್ದೋಯ್ತು, ಆದ್ರೆ ಕ್ಲಿಕ್ ಅಷ್ಟೇ ಇದೆ, ಸರಾಸರಿ ಪೊಸಿಷನ್ ಮುಂಚಿಗಿಂತ ಚೆನ್ನಾಗಾಗಿದೆ. ಇವತ್ತಿಗೂ ತಲೆಬುಡ ಅರ್ಥ ಆಗ್ತಿಲ್ಲ. ಬಾಸ್ ನನ್ನನ್ನೇ ಕೇಳ್ತಿದಾರೆ.
– ಓದುಗರು, ಎಚ್‌ಎಸ್‌ಆರ್ ಲೇಔಟ್

ಉತ್ತರ: ನಿಮ್ಮ ಬಾಸ್‌ಗೆ ಧೈರ್ಯವಾಗಿ ಹೇಳಿ, ಬಿದ್ದಿದ್ದು ಜನ ಅಲ್ಲ, ಬಾಟ್‌ಗಳು, ಅಂದ್ರೆ ತಾವಾಗೇ ಹುಡುಕೋ ಪ್ರೋಗ್ರಾಂಗಳು. ಗೂಗಲ್‌ನಲ್ಲಿ ಒಂದೇ ಪುಟದಲ್ಲಿ 100 ರಿಸಲ್ಟ್ ತರಿಸ್ಕೊಳ್ಳೋ ಒಂದು ಸೌಲಭ್ಯ ಇತ್ತು, ವಿಳಾಸದ ಕೊನೆಗೆ ಒಂದು ಸಣ್ಣ ತುಂಡು ಸೇರಿಸಿದ್ರೆ ಸಾಕಿತ್ತು. ಮನುಷ್ಯರು ಅದನ್ನ ಬಳಸ್ತಿದ್ದಿದ್ದು ಕಮ್ಮಿ, ರ‍್ಯಾಂಕ್ ಟ್ರ್ಯಾಕ್ ಮಾಡೋ ಟೂಲ್‌ಗಳು ಬಳಸ್ತಿದ್ವು. ಆ ಟೂಲ್ ಒಂದು ಸಲ ಪುಟ ತರಿಸಿದ್ರೆ 78ನೇ ಸ್ಥಾನದಲ್ಲಿದ್ದ ನಿಮ್ಮ ಲಿಂಕಿಗೂ ಒಂದು ಇಂಪ್ರೆಷನ್ ಬೀಳ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಆ ಸೌಲಭ್ಯ ನಿಲ್ಲಿಸ್ತು, ಆ ದೂರದ ಇಂಪ್ರೆಷನ್‌ಗಳೆಲ್ಲ ಮಾಯ ಆದ್ವು, ತೀರಾ ಕೆಳಗಿನ ಸ್ಥಾನಗಳು ಲೆಕ್ಕದಿಂದ ಹೋಗಿದ್ದಕ್ಕೆ ಸರಾಸರಿ ತಾನಾಗೇ ಚೆನ್ನಾಗಿ ಕಾಣಿಸ್ತು. ನೀವು ಬರೆದಿರೋ ಮೂರೂ ಲಕ್ಷಣ ಇದಕ್ಕೆ ಸರಿಯಾಗಿ ಹೊಂದತ್ತೆ. ಆ ತಿಂಗಳ ಹಿಂದಿನದ್ದಕ್ಕೂ ಆಮೇಲಿನದ್ದಕ್ಕೂ ಇಂಪ್ರೆಷನ್ ಹೋಲಿಸೋದು ಬಿಟ್ಟು ಕ್ಲಿಕ್ ಮಾತ್ರ ಹೋಲಿಸಿ, ರಿಪೋರ್ಟ್‌ನಲ್ಲಿ ಆ ತಾರೀಕಿನ ಹತ್ರ ಒಂದು ಟಿಪ್ಪಣಿ ಹಾಕಿಡಿ.

ಪ್ರಶ್ನೆ: ರಾಜಾಜಿನಗರದಲ್ಲಿ ಫ್ರಿಜ್, ವಾಷಿಂಗ್ ಮಷಿನ್ ರಿಪೇರಿ ಮಾಡ್ತೀನಿ, ಸ್ವಂತ ಅಂಗಡಿ, ಒಂದು ಸಣ್ಣ ವೆಬ್‌ಸೈಟ್ ಇದೆ. ಮುಂಚೆ ಗೂಗಲ್‌ನಿಂದ ದಿನಾ ಫೋನ್ ಬರ್ತಿತ್ತು, ಈಗ ಮೂರು ಹೊಸ ಅಂಗಡಿಯವರು ಮ್ಯಾಪ್‌ನಲ್ಲಿ ನನಗಿಂತ ಮೇಲೆ ಬರ್ತಿದಾರೆ. ಅದ್ರಲ್ಲಿ ಒಬ್ಬನ ಅಂಗಡಿ ಹೆಸರೇ ಬೆಸ್ಟ್ ಫ್ರಿಜ್ ರಿಪೇರಿ ರಾಜಾಜಿನಗರ ಅಂತ ಇಷ್ಟುದ್ದ ಇದೆ. ಒಂದು ಕಂಪನಿಯವರು ಫೋನ್ ಮಾಡಿ ತಿಂಗಳಿಗೆ ಇಷ್ಟು ಕೊಡಿ, ಫಸ್ಟ್ ಪೇಜ್ ಗ್ಯಾರಂಟಿ, ಬೆಂಗಳೂರಿನ ಎಲ್ಲಾ ಏರಿಯಾಗೂ ಒಂದೊಂದು ಪೇಜ್ ಮಾಡ್ಕೊಡ್ತೀವಿ ಅಂತಿದಾರೆ. ಕೊಡ್ಬಹುದಾ ಸರ್?
– ಓದುಗರು, ರಾಜಾಜಿನಗರ

ಉತ್ತರ: ಅಣ್ಣ, ಗ್ಯಾರಂಟಿ ಅನ್ನೋ ಮಾತು ಬಂದ ತಕ್ಷಣ ಫೋನ್ ಇಟ್ಬಿಡಿ. ಮೊದಲ ಸ್ಥಾನ ಕೊಡಿಸ್ತೀವಿ ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತ ಗೂಗಲ್‌ನವರೇ ತಮ್ಮ ಸಹಾಯ ಪುಟದಲ್ಲಿ ಬರೆದಿದಾರೆ. ಒಳ್ಳೆ ಕೆಲಸ ಮಾಡೋ ಕಂಪನಿಗಳು ಇಲ್ಲ ಅಂತಲ್ಲ, ಆದ್ರೆ ಒಳ್ಳೆಯವರು ನಿಮ್ಮ ಸರ್ಚ್ ಕನ್ಸೋಲ್ ನೋಡದೆ ರೇಟ್ ಹೇಳಲ್ಲ.

ಏರಿಯಾಗೊಂದು ಪೇಜ್ ಅನ್ನೋದು ಇನ್ನೂ ಅಪಾಯ. ವಿಜಯನಗರ, ಬಸವೇಶ್ವರನಗರ, ಮಲ್ಲೇಶ್ವರ, ಯಶವಂತಪುರ ಅಂತ ಊರ ಹೆಸರೊಂದು ಬದಲಾಯಿಸಿ ಮಿಕ್ಕ ಮ್ಯಾಟರೆಲ್ಲ ಅದೇ ಇಟ್ಟು ಮಾಡೋ ಪುಟಗಳಿಗೆ ಗೂಗಲ್ ಭಾಷೆಯಲ್ಲಿ ಡೋರ್‌ವೇ ಪೇಜ್ ಅಂತಾರೆ, ಅದು ಸ್ಪ್ಯಾಮ್ ನಿಯಮದಲ್ಲಿ ನೇರವಾಗಿ ಬರತ್ತೆ. ಲಿಂಕ್ ಕೊಂಡು ಹಾಕೋದೂ ಅಷ್ಟೇ, 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಹಾಗೆ ಮಾಡಿದ್ದ ಎಷ್ಟೋ ಸೈಟ್‌ಗಳು ಒಂದೇ ದಿನಕ್ಕೆ ಕಾಣದಂಗಾದ್ವು, ಈಗ ಅಂಥಾ ಲಿಂಕ್‌ಗಳನ್ನ ಗೂಗಲ್ ಬಹಳಷ್ಟು ಸಲ ಲೆಕ್ಕಕ್ಕೇ ತಗೊಳ್ಳಲ್ಲ, ಅಂದ್ರೆ ನಿಮ್ಮ ದುಡ್ಡು ನೀರಿಗೆ ಹಾಕಿದ ಹಾಗೆ.

ಇನ್ನು ಮ್ಯಾಪ್ ವಿಷಯ. ಮ್ಯಾಪ್‌ನಲ್ಲಿ ಬರೋ ಅಂಗಡಿಗಳಿಗೆ ಗೂಗಲ್ ಮುಖ್ಯವಾಗಿ ಮೂರು ನೋಡತ್ತೆ: ಹುಡುಕಿದ್ದಕ್ಕೆ ಹೊಂದತ್ತಾ, ಹುಡುಕಿದವರಿಗೆ ಎಷ್ಟು ಹತ್ರ, ಎಷ್ಟು ಹೆಸರುವಾಸಿ. ಹತ್ರ ಅನ್ನೋದು ಹುಡುಕೋರು ಎಲ್ಲಿ ನಿಂತಿದಾರೆ ಅನ್ನೋದ್ರ ಮೇಲಿದೆ, ಹಾಗಾಗಿ ನೀವು ಅಂಗಡಿಯಲ್ಲಿ ಕೂತು ಹುಡುಕಿದ್ರೆ ಒಂದು ಕಾಣತ್ತೆ, ನವರಂಗ್ ಸರ್ಕಲ್ ಹತ್ರ ನಿಂತು ಹುಡುಕಿದ್ರೆ ಇನ್ನೊಂದು ಕಾಣತ್ತೆ. ಒಂದು ದಿನ ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋದ ಕಡೆಯೆಲ್ಲ ಫೋನಲ್ಲಿ ಹುಡುಕಿ ನೋಡಿ, ಎಲ್ಲಿಯವರೆಗೆ ನೀವು ಕಾಣ್ತೀರಿ ಅಂತ ಗೊತ್ತಾಗತ್ತೆ. ಅಂಗಡಿ ಬೋರ್ಡ್ ಮೇಲಿಲ್ಲದ ಪದಗಳನ್ನ ಹೆಸರಿಗೆ ತುರುಕೋದು ಬಿಸಿನೆಸ್ ಪ್ರೊಫೈಲ್ (ಮ್ಯಾಪ್‌ನಲ್ಲಿ ಕಾಣೋ ಅಂಗಡಿ ಪುಟ) ನಿಯಮಕ್ಕೆ ವಿರುದ್ಧ, ಆ ಅಂಗಡಿ ಪುಟದಲ್ಲೇ ಬದಲಾವಣೆ ಸೂಚಿಸಿ ಅನ್ನೋ ಆಯ್ಕೆ ಇದೆ, ಬೋರ್ಡ್‌ನಲ್ಲಿರೋ ಹೆಸರು ಹಾಕಿ ಕಳಿಸಿ. ಅವನು ಮಾಡಿದ ಅಂತ ನೀವೂ ಮಾಡೋಕೆ ಹೋಗ್ಬೇಡಿ, ಪ್ರೊಫೈಲ್ ಸಸ್ಪೆಂಡ್ ಆದ್ರೆ ವಾಪಸ್ ತರೋಷ್ಟರಲ್ಲಿ ಸಾಕಾಗೋಗತ್ತೆ.

ನಿಮ್ಮ ಕೈಲಾಗೋದು ಇನ್ನೊಂದಿದೆ. ರಿಪೇರಿ ಮುಗಿಸಿ ದುಡ್ಡು ತಗೋವಾಗ ಗಿರಾಕಿಗೆ ರಿವ್ಯೂ ಬರೀರಿ ಅಂತ ಕೇಳಿ, ಏನು ಕೆಟ್ಟಿತ್ತು ಹೇಗೆ ಸರಿ ಆಯ್ತು ಅಂತ ಒಂದು ಸಾಲು ಬರೆದ್ರೆ ಸಾಕು. ರಿವ್ಯೂಗೆ ದುಡ್ಡು, ಡಿಸ್ಕೌಂಟ್ ಏನೂ ಕೊಡ್ಬೇಡಿ, ಅದು ನಿಯಮಕ್ಕೆ ವಿರುದ್ಧ. ಸೈಟ್‌ನಲ್ಲಿ ರೇಟ್ ಪಟ್ಟಿ ಹಾಕಿ, ಗ್ಯಾಸ್ ತುಂಬಿಸೋಕೆ ಇಷ್ಟು, ಬಾಗಿಲ ರಬ್ಬರ್‌ಗೆ ಇಷ್ಟು ಅಂತ. ಬಹಳ ಜನ ಇದನ್ನ ಹಾಕಲ್ಲ, ಗಿರಾಕಿ ಮೊದ್ಲು ಹುಡುಕೋದೇ ಇದನ್ನ.

ಪ್ರಶ್ನೆ: ಪೊಲೀಸ್, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದೋರಿಗೆ ಅಂತ ಒಂದು ಸೈಟ್ ಮಾಡಿದ್ದೆ. ಮೊದ್ಲು ನಾನೇ ಬರೀತಿದ್ದೆ, ಆಮೇಲೆ ಎಐ ಟೂಲ್ ಹಾಕಿ ದಿನಕ್ಕೆ ನಲವತ್ತು ಪೋಸ್ಟ್ ಬಿಡೋಕೆ ಶುರು ಮಾಡಿದೆ. ಮೂರು ತಿಂಗಳು ಟ್ರಾಫಿಕ್ ಚೆನ್ನಾಗಿ ಏರ್ತು, ಆಡ್‌ಸೆನ್ಸ್ (ಗೂಗಲ್ ಜಾಹೀರಾತು) ದುಡ್ಡಲ್ಲೇ ರೂಂ ಬಾಡಿಗೆ ಕಟ್ತಿದ್ದೆ, ಈಗ ಪೂರ್ತಿ ಝೀರೋ. ಹೊಸ ಡೊಮೈನ್ (ಸೈಟ್ ವಿಳಾಸ) ತಗೊಂಡು ಎಲ್ಲಾ ಪೋಸ್ಟ್ ಅಲ್ಲಿಗೆ ಹಾಕಿದ್ರೆ ಆಗತ್ತಾ?
– ಓದುಗರು, ವಿಜಯನಗರ

ಉತ್ತರ: ಆಗಲ್ಲ. ಬಾಡಿಗೆ ವಿಷಯ ಓದಿ ನಂಗೆ ನಿಜವಾಗ್ಲೂ ಬೇಜಾರಾಯ್ತು, ಅತ್ತಿಗುಪ್ಪೆ ವಿಜಯನಗರದ ರೂಂಗಳಲ್ಲಿ ಊರಿಂದ ಬಂದು ಓದ್ತಿರೋ ಹುಡುಗರ ಪರಿಸ್ಥಿತಿ ಗೊತ್ತಿರೋದಕ್ಕೇ ನೇರವಾಗಿ ಹೇಳ್ತಾ ಇದೀನಿ. ಅದೇ ಸರಕು ಹೊಸ ಡೊಮೈನ್‌ಗೆ ಹಾಕಿದ್ರೆ ಅದೂ ಅದೇ ದಾರಿ ಹಿಡಿಯತ್ತೆ.

2011ರಲ್ಲಿ ಪಾಂಡಾ ಅಂತ ಅಪ್‌ಡೇಟ್ ಬಂದಾಗ ಅದರ ಗುರಿ ಇದೇ ಆಗಿತ್ತು, ರಾಶಿ ರಾಶಿ ಸಪ್ಪೆ ಲೇಖನ ತಯಾರಿಸೋ ಸೈಟ್‌ಗಳು, ಅಮೆರಿಕದ ಹುಡುಕಾಟಗಳಲ್ಲಿ ಸುಮಾರು 12% ಮೇಲೆ ಅದರ ಪರಿಣಾಮ ಆಗಿತ್ತು. ಆಗ ಮನುಷ್ಯರು ಕೂಲಿಗೆ ಬರೀತಿದ್ರು, ಈಗ ಮಷಿನ್ ಬರೆಯತ್ತೆ. 2024ರ ಮಾರ್ಚ್ 5ಕ್ಕೆ ಗೂಗಲ್ ಒಂದು ದೊಡ್ಡ ಕೋರ್ ಅಪ್‌ಡೇಟ್ ಶುರು ಮಾಡ್ತು, ಏಪ್ರಿಲ್ 19ರವರೆಗೆ ನಡೀತು, ಅದರ ಜೊತೆಗೇ ಹೊಸ ಸ್ಪ್ಯಾಮ್ ನಿಯಮ ಬಂತು: ರ‍್ಯಾಂಕ್ ಹೊಡೆಯೋಕೆ ಅಂತಲೇ ಓದೋರಿಗೆ ಉಪಯೋಗ ಇಲ್ಲದ್ದನ್ನ ರಾಶಿಗಟ್ಟಲೆ ತಯಾರಿಸೋದು ತಪ್ಪು, ಅದನ್ನ ಮನುಷ್ಯ ಬರೆದಿರ್ಲಿ ಎಐ ಬರೆದಿರ್ಲಿ. ಎಐ ಬಳಸಿದ್ದೇ ತಪ್ಪು ಅಂತ ನಿಯಮದಲ್ಲಿಲ್ಲ. ದಿನಕ್ಕೆ ನಲವತ್ತು ಪೋಸ್ಟ್ ಬಿಟ್ರಿ, ಅದ್ರಲ್ಲಿ ಎಷ್ಟನ್ನ ನೀವು ಓದಿ ಸರಿ ಇದೆಯಾ ಅಂತ ನೋಡಿದ್ರಿ? ಒಂದು ತಪ್ಪು ಕೀ ಆನ್ಸರ್ ನಂಬ್ಕೊಂಡು ಪರೀಕ್ಷೆಗೆ ಹೋಗೋ ಹುಡುಗನೂ ನಿಮ್ಮ ಪಕ್ಕದ ರೂಂನಲ್ಲೇ ಇರ್ತಾನೆ.

ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನುಯಲ್ ಆಕ್ಷನ್ಸ್ ಅಂತ ಇರತ್ತೆ, ಗೂಗಲ್‌ನ ಸಿಬ್ಬಂದಿಯೇ ನೋಡಿ ಹಾಕಿದ ಶಿಕ್ಷೆ ಇದ್ರೆ ಅಲ್ಲಿ ಬರತ್ತೆ, ನೋಟಿಸ್ ಇದ್ರೆ ಸರಿಪಡಿಸಿ ಮರುಪರಿಶೀಲನೆಗೆ ಅರ್ಜಿ ಹಾಕ್ಬಹುದು. ನೋಟಿಸ್ ಇಲ್ದಿದ್ರೆ ಗೂಗಲ್‌ನ ವ್ಯವಸ್ಥೆಯೇ ಕೆಳಗಿಳಿಸಿದೆ ಅಂತ ಅರ್ಥ, ಆಗ ಅರ್ಜಿ ಹಾಕೋ ದಾರಿ ಇಲ್ಲ. ಮಷಿನ್ ಪೋಸ್ಟೆಲ್ಲ ತೆಗೀರಿ, ಇಲ್ಲಿ ಡಿಲೀಟ್ ಮಾಡೋದೇ ಸರಿ. ನೀವು ಕೈಯ್ಯಾರೆ ಬರೆದಿದ್ದು ಮಾತ್ರ ಉಳಿಸ್ಕೊಂಡು ಅದನ್ನ ಬೆಳೆಸಿ. ಫಲಿತಾಂಶ ಬಂತು, ಅರ್ಜಿ ಕರೆದ್ರು ಅನ್ನೋ ಸುದ್ದಿಯಲ್ಲಿ ದೊಡ್ಡ ಸುದ್ದಿ ಸೈಟ್‌ಗಳ ಎದುರು ನೀವು ನಿಲ್ಲೋಕಾಗಲ್ಲ, ಇಲಾಖೆಯ ಸೈಟೇ ಮೇಲೆ ಬರತ್ತೆ, ಬರ್ಬೇಕಾದ್ದೂ ಅದೇ. ಆದ್ರೆ ಹಿಂದಿನ ಪ್ರಶ್ನೆಪತ್ರಿಕೆಯ ಮಾನಸಿಕ ಸಾಮರ್ಥ್ಯದ ಲೆಕ್ಕವನ್ನ ಕನ್ನಡ ಮಾಧ್ಯಮದ ಹುಡುಗನಿಗೆ ಅರ್ಥ ಆಗೋ ಹಾಗೆ ಹಂತ ಹಂತವಾಗಿ ಬಿಡಿಸಿ ತೋರಿಸೋರು ಎಷ್ಟು ಜನ ಇದಾರೆ? ವಾರಕ್ಕೆ ಎರಡು ಬರೆದ್ರೂ ಸಾಕು. ಚೇತರಿಸ್ಕೊಳ್ಳೋಕೆ ತಿಂಗಳುಗಟ್ಟಲೆ ಬೇಕಾಗತ್ತೆ, ಅಲ್ಲಿಯವರೆಗೆ ಬಾಡಿಗೆಗೆ ಬೇರೆ ದಾರಿ ನೋಡ್ಕೊಳ್ಳಿ, ಸಂಜೆ ಹೊತ್ತು ಟ್ಯೂಷನ್ ಮಾಡಿದ್ರೂ ಪರವಾಗಿಲ್ಲ, ಸೈಟಿನ ದುಡ್ಡನ್ನ ನೆಚ್ಕೊಂಡು ಕೂರ್ಬೇಡಿ.

ಪ್ರಶ್ನೆ: ನಿವೃತ್ತ ಕನ್ನಡ ಉಪನ್ಯಾಸಕ ನಾನು. ಹಳೆ ಬೆಂಗಳೂರಿನ ಕೆರೆಗಳ ಬಗ್ಗೆ ಇನ್ನೂರಕ್ಕೂ ಹೆಚ್ಚು ಲೇಖನ ನನ್ನ ಜಾಲತಾಣದಲ್ಲಿದೆ. ಇದೇ ವಿಷಯ ಹುಡುಕಿದರೆ ಎರಡು ಪ್ಯಾರಾದ ಅರೆಬರೆ ಬರಹಗಳು ಸಿಗುತ್ತವೆ, ನನ್ನದು ಎಲ್ಲೂ ಕಾಣುವುದಿಲ್ಲ. ಹಿಂದೆಯೂ ಕಂಡಿದ್ದಿಲ್ಲ. ಕಾರಣವೇನು?
– ಓದುಗರು, ಚಾಮರಾಜಪೇಟೆ

ಉತ್ತರ: ಸರ್, ನಿಮ್ಮ ಪತ್ರದ ಜೊತೆ ಕೊಟ್ಟಿದ್ದ ವಿಳಾಸ ತೆರೆದು ನೋಡಿದೆ. ಲೇಖನ ಓದ್ತಾ ಕೂತು ಅರ್ಧ ದಿನ ಹೋಯ್ತು, ಅಷ್ಟು ಚೆನ್ನಾಗಿದೆ. ಸಮಸ್ಯೆ ಏನಂದ್ರೆ ಹೆಚ್ಚಿನ ಲೇಖನಗಳು ಹಳೇ ನುಡಿ ಫಾಂಟ್‌ನಲ್ಲಿವೆ, ಇನ್ನು ಕೆಲವು ಸ್ಕ್ಯಾನ್ ಮಾಡಿದ ಚಿತ್ರಗಳು. ಯೂನಿಕೋಡ್‌ಗಿಂತ (ಎಲ್ಲಾ ಭಾಷೆ ಅಕ್ಷರಗಳಿಗೂ ಕಂಪ್ಯೂಟರ್‌ಗಳು ಒಪ್ಪಿಕೊಂಡಿರೋ ಏಕರೂಪದ ಸಂಕೇತ) ಹಿಂದಿನ ನುಡಿ, ಬರಹ ಫಾಂಟ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡ್ರೂ ಒಳಗೆ ಕಂಪ್ಯೂಟರ್ ಇಟ್ಕೊಂಡಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ನಿಮ್ಮ ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ, ಅಲ್ಲಿ ಏನು ಕಾಣತ್ತೋ ಗೂಗಲ್‌ಗೂ ಅದೇ ಕಾಣೋದು. ಧರ್ಮಾಂಬುಧಿ ಕೆರೆ ಅಂತ ಯಾರಾದ್ರೂ ಹುಡುಕಿದಾಗ ನಿಮ್ಮ ಪುಟದಲ್ಲಿ ಆ ಪದ ಇದೆ ಅಂತ ಅದಕ್ಕೆ ಗೊತ್ತಾಗೋದೇ ಇಲ್ಲ. ಹಾಗಾಗಿ ನೀವು ಸ್ಪರ್ಧೆಯಲ್ಲಿ ಸೋತಿಲ್ಲ ಸರ್, ಸ್ಪರ್ಧೆಯೊಳಗೇ ಇನ್ನೂ ಬಂದಿಲ್ಲ.

ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಪರಿವರ್ತಕಗಳು ಉಚಿತವಾಗೇ ಸಿಗತ್ತೆ. ಬದಲಾಯಿಸಿದ ಮೇಲೆ ಒಂದು ಸಲ ಕಣ್ಣಾಡಿಸ್ಲೇಬೇಕು, ಅರ್ಕಾವತ್ತು ಮತ್ತು ಒತ್ತಕ್ಷರಗಳ ಹತ್ರ ತಪ್ಪು ನುಸುಳ್ತಾವೆ. ಸ್ಕ್ಯಾನ್ ಚಿತ್ರಗಳನ್ನ ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದ್ರೆ ಕನ್ನಡ ಅಕ್ಷರಗಳನ್ನ ಅದೇ ಗುರುತಿಸಿ ಪಠ್ಯ ಮಾಡ್ಕೊಡತ್ತೆ, ಅಚ್ಚು ಸ್ಪಷ್ಟವಾಗಿದ್ರೆ ತಿದ್ದೋ ಕೆಲಸ ಕಮ್ಮಿ. ಇನ್ನೂರನ್ನೂ ಒಟ್ಟಿಗೆ ಮಾಡೋಕೆ ಹೋಗ್ದೆ ಜನ ಹೆಚ್ಚು ಹುಡುಕೋ ಕೆರೆಗಳಿಂದ ಶುರು ಮಾಡಿ, ಮೊಮ್ಮಕ್ಕಳೋ ಹಳೇ ವಿದ್ಯಾರ್ಥಿಗಳೋ ಒಬ್ಬರು ಜೊತೆಗಿದ್ರೆ ಬೇಗ ಆಗತ್ತೆ.

ಇನ್ನೊಂದು ಮಾತು. ಧರ್ಮಾಂಬುಧಿ ಅನ್ನೋ ಹೆಸರು ಗೊತ್ತಿರೋರು ಕಮ್ಮಿ, ಮೆಜೆಸ್ಟಿಕ್ ಬಸ್ ಸ್ಟಾಂಡ್ ಮುಂಚೆ ಕೆರೆ ಆಗಿತ್ತಂತೆ ಹೌದಾ ಅಂತ ಹುಡುಕೋರು ಜಾಸ್ತಿ. ಕಂಠೀರವ ಸ್ಟೇಡಿಯಂ ಇರೋ ಜಾಗ ಸಂಪಂಗಿ ಕೆರೆ ಅಂತ ನೀವು ಬರೆದಿದೀರಿ, ಆದ್ರೆ ತಲೆಬರಹದಲ್ಲಿ ಕಂಠೀರವದ ಹೆಸರೇ ಇಲ್ಲ. ಇವತ್ತಿನ ಹೆಸರೂ ತಲೆಬರಹದಲ್ಲಿ ಬರ್ಲಿ. ಜೊತೆಗೆ ತುಂಬಾ ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕ್ತಾರೆ, ಆದ್ದರಿಂದ ಪುಟದ ವಿಳಾಸವನ್ನ ಅಂಕಿ ಸಂಖ್ಯೆಯಲ್ಲಿಡೋ ಬದ್ಲು ಕೆರೆಯ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಇಡಿ, ಮತ್ತು ಲೇಖನದಲ್ಲಿ ಒಂದು ಕಡೆ ಆ ರೂಪ ಸಹಜವಾಗಿ ಬರೋ ಹಾಗೆ ನೋಡ್ಕೊಳ್ಳಿ. ದಯವಿಟ್ಟು ಈ ಕೆಲಸ ಬಿಡ್ಬೇಡಿ ಸರ್, ಈ ವಿಷಯದಲ್ಲಿ ಕನ್ನಡದಲ್ಲಿ ಇಷ್ಟು ಆಳವಾಗಿ ಬರೆದಿರೋದು ಸಿಗೋದೇ ಅಪರೂಪ, ಯೂನಿಕೋಡ್‌ಗೆ ಬಂದ್ರೆ ನೀವು ಮೇಲೆ ಬರೋ ಸಾಧ್ಯತೆ ತುಂಬಾ ಇದೆ.

ಪ್ರಶ್ನೆ: ಬೆಂಗಳೂರು ಮೆಟ್ರೋ, ಬಸ್ ಬಗ್ಗೆ ಮಾಹಿತಿ ಕೊಡೋ ಸೈಟ್ ನಡೆಸ್ತೀನಿ. ಗೂಗಲ್‌ನ ಎಐ ಉತ್ತರ ಬಂದ ಮೇಲೆ ಜನ ಒಳಗೆ ಬರೋದೇ ಇಲ್ಲ, ನಾವು ಬರೆದಿದ್ದನ್ನೇ ತಗೊಂಡು ಮೇಲೆ ತೋರಿಸ್ತಾರೆ. ಇದನ್ನ ತಡೆಯೋಕಾಗತ್ತಾ? ಸೈಟ್ ಮುಚ್ಚಿಬಿಡ್ಲಾ?
– ಓದುಗರು, ಜಯನಗರ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ನೀವು ಹೇಳ್ತಿರೋ ಎಐ ಉತ್ತರದ ಹೆಸರು ಎಐ ಓವರ್‌ವ್ಯೂ, ಅದು 2024ರ ಮೇನಲ್ಲಿ ಅಮೆರಿಕದಲ್ಲಿ ಶುರು ಆಗಿ ಅದೇ ವರ್ಷ ಆಗಸ್ಟ್‌ನಲ್ಲಿ ಭಾರತಕ್ಕೆ ಬಂತು. ಬರೆಯೋರು ಒಬ್ಬರು, ಓದುಗ ನಿಲ್ಲೋದು ಇನ್ನೊಬ್ಬರ ಮನೆ ಬಾಗಿಲಲ್ಲಿ ಅನ್ನೋ ಸ್ಥಿತಿ ಸಣ್ಣ ಸೈಟ್‌ಗಳಿಗೆ ನಿಜವಾದ ಪೆಟ್ಟು, ಇದನ್ನ ಹಾಗಲ್ಲ ಅಂತ ಸಮಾಧಾನ ಹೇಳೋಕೆ ನಂಗಿಷ್ಟ ಇಲ್ಲ.

ತಡೆಯೋದಕ್ಕೆ ನೋಸ್ನಿಪೆಟ್ ಅಂತ ಒಂದು ಟ್ಯಾಗ್ ಇದೆ, ಹಾಕಿದ್ರೆ ನಿಮ್ಮ ಪಠ್ಯ ಎಐ ಉತ್ತರದಲ್ಲಿ ಬರಲ್ಲ, ಆದ್ರೆ ಮಾಮೂಲಿ ರಿಸಲ್ಟ್‌ನಲ್ಲಿ ನಿಮ್ಮ ಲಿಂಕ್ ಕೆಳಗೆ ಬರೋ ಎರಡು ಸಾಲು ವಿವರಣೆಯೂ ಹೋಗತ್ತೆ, ಬರೀ ತಲೆಬರಹ ನೋಡಿ ಕ್ಲಿಕ್ ಮಾಡೋರು ಕಮ್ಮಿ. ಗೂಗಲ್ ಎಕ್ಸ್‌ಟೆಂಡೆಡ್ ಅಂತ ಇನ್ನೊಂದು ತಡೆ ಇದೆ, ಅದು ಬೇರೆ ಎಐ ಬಳಕೆಗೆ, ಸರ್ಚ್‌ನೊಳಗಿನ ಎಐ ಉತ್ತರಕ್ಕೆ ಅದು ಅನ್ವಯ ಆಗಲ್ಲ. ಸೈಟ್‌ಗೆಲ್ಲ ಹಾಕೋ ಬದ್ಲು ಬೇಕಾದ್ರೆ ಒಂದೆರಡು ಪುಟದಲ್ಲಿ ಪ್ರಯೋಗ ಮಾಡಿ ನೋಡಿ.

ಮುಚ್ಚೋ ಮುಂಚೆ ಯಾವ ಪುಟಕ್ಕೆ ಪೆಟ್ಟು ಬಿದ್ದಿದೆ ಅಂತ ಬೇರೆ ಮಾಡಿ. ಇಲ್ಲಿಂದ ಅಲ್ಲಿಗೆ ಟಿಕೆಟ್ ಎಷ್ಟು, 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿ ಆಯ್ತಾ, ಹಳದಿ ಮಾರ್ಗದಲ್ಲಿ ಎಷ್ಟು ಸ್ಟೇಷನ್ ಅಂದ್ರೆ 16, ಇಂಥಾ ಒಂದು ಸಾಲಿನ ಉತ್ತರದ ಪುಟಗಳು ಇನ್ನು ಓದುಗರನ್ನ ತರೋದು ಕಷ್ಟ. ಆದ್ರೆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರು ಆದಾಗ ಮೂರೇ ರೈಲು, 25 ನಿಮಿಷಕ್ಕೊಂದು, ಆಮೇಲೆ ರೈಲು ಸೇರ್ತಾ ಸೇರ್ತಾ ಕಾಯೋ ಸಮಯ ಕಮ್ಮಿ ಆಗ್ತಾ ಬಂತು. ಇಂಥದ್ದು ಬದಲಾದ ದಿನವೇ ನಿಮ್ಮ ಪುಟದಲ್ಲಿ ಬದಲಾಗಿರ್ಬೇಕು, ಬದಲಾಯಿಸಿದ ತಾರೀಕೂ ಕಾಣ್ಬೇಕು. ಆರ್.ವಿ. ರೋಡ್‌ನಲ್ಲಿ ಹಸಿರಿಂದ ಹಳದಿಗೆ ಬದಲಾಯಿಸೋವಾಗ ಬೆಳಗ್ಗೆ ಹೊತ್ತು ಎಷ್ಟು ಜನ ಇರ್ತಾರೆ, ವಯಸ್ಸಾದವರು ಲಿಫ್ಟ್ ಹುಡುಕೋದಾದ್ರೆ ಯಾವ ಕಡೆ ಹೋಗ್ಬೇಕು, ಇಳಿದ ಮೇಲೆ ಫೀಡರ್ ಬಸ್ ಎಲ್ಲಿ ನಿಲ್ಲತ್ತೆ, ಮಳೆ ಬಂದ್ರೆ ಯಾವ ಗೇಟ್ ಹತ್ರ ನೀರು ನಿಲ್ಲತ್ತೆ, ಇದನ್ನ ಹೋಗಿ ನೋಡಿ ಫೋಟೋ ತೆಗೆದು ಬರೆದ್ರೆ ಅದನ್ನ ಎರಡು ಸಾಲಲ್ಲಿ ಮುಗಿಸೋಕಾಗಲ್ಲ, ಓದೋರು ಒಳಗೆ ಬರ್ಬೇಕಾಗತ್ತೆ. ಬಂದವರನ್ನ ವಾಟ್ಸಾಪ್ ಚಾನೆಲ್‌ಗೋ ಇಮೇಲ್ ಪಟ್ಟಿಗೋ ಸೇರಿಸ್ಕೊಳ್ಳಿ, ಮುಂದಿನ ಸಲ ಅವರು ಗೂಗಲ್ ದಾಟಿ ಬರ್ಬೇಕಾಗಿಲ್ಲ.

ಅಂದ ಹಾಗೆ ಎಐ ಉತ್ತರದಿಂದ ಬಂದ ಕ್ಲಿಕ್ ಎಷ್ಟು ಅಂತ ಸರ್ಚ್ ಕನ್ಸೋಲ್ ಬೇರೆಯಾಗಿ ತೋರಿಸದೆ ಮಾಮೂಲಿ ವೆಬ್ ಲೆಕ್ಕದಲ್ಲೇ ಸೇರಿಸಿ ತೋರಿಸ್ತಾ ಬಂದಿದೆ, ಆದ್ದರಿಂದ ಯಾರಾದ್ರೂ ನಿಮ್ಮ ಎಐ ಟ್ರಾಫಿಕ್ ಇಷ್ಟು ಅಂತ ಅದರ ಲೆಕ್ಕ ತೋರಿಸಿ ಹೇಳಿದ್ರೆ ಎಲ್ಲಿಂದ ತಂದ್ರಿ ಅಂತ ಕೇಳಿ.

ಪ್ರಶ್ನೆ: ಸೈಟ್ ಹೆಸರು ಬದಲಾಯಿಸಿ ಹೊಸ ವಿಳಾಸಕ್ಕೆ ಹೋದ್ವಿ, ಟ್ರಾಫಿಕ್ ಎಲ್ಲಾ ಹೋಯ್ತು. ಹಳೇ ಡೊಮೈನ್ ರಿನ್ಯೂ ಮಾಡ್ಬೇಕಾ?
– ಓದುಗರು, ಯಲಹಂಕ

ಉತ್ತರ: ಇವತ್ತೇ ರಿನ್ಯೂ ಮಾಡಿ. ಹಳೇ ಸೈಟಿನ ಪ್ರತಿ ಪುಟದಿಂದ ಹೊಸ ಸೈಟಿನ ಅದೇ ಪುಟಕ್ಕೆ 301 ರೀಡೈರೆಕ್ಟ್ ಹಾಕಿಸಿ, ಎಲ್ಲವನ್ನೂ ಹೋಮ್ ಪೇಜ್‌ಗೆ ತಿರುಗಿಸಿದ್ರೆ ಉಪಯೋಗ ಇಲ್ಲ. ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಎರಡೂ ಡೊಮೈನ್ ಸೇರಿಸಿ ಚೇಂಜ್ ಆಫ್ ಅಡ್ರೆಸ್ ಅಂತ ಇರೋದನ್ನ ಬಳಸಿ. ರೀಡೈರೆಕ್ಟ್ ಕನಿಷ್ಠ ಒಂದು ವರ್ಷ ಇರ್ಲಿ, ಸಾಧ್ಯ ಆದ್ರೆ ಹಾಗೇ ಬಿಡಿ, ಹಳೇ ಡೊಮೈನ್ ಕೈ ತಪ್ಪಿ ಬೇರೆ ಯಾರೋ ಕೊಂಡ್ಕೊಂಡ್ರೆ ನಿಮ್ಮ ಹೆಸರಲ್ಲಿ ಇನ್ನೇನೋ ನಡೆಸ್ತಾರೆ.